ಕಲಬುರಗಿ ಬಿಸಿಲಿಗೆ ಒಂದು ಬಟ್ಟೆ, ಮಂಗಳೂರು ಸೆಕೆಗೆ ಇನ್ನೊಂದು

ಪ್ರಶ್ನೆ: ನಾನು ಹಾಸನದವಳು, ಸರ್ಕಾರಿ ಕಚೇರಿಯಲ್ಲಿ ಕೆಲಸ. ಕಳೆದ ಜೂನ್‌ನಲ್ಲಿ ಕಲಬುರಗಿಗೆ ವರ್ಗವಾಯಿತು, ಹಾಗಾಗಿ ಇಲ್ಲಿ ಇದು ನನ್ನ ಮೊದಲ ಬೇಸಿಗೆ. ಮಾರ್ಚ್‌ನಲ್ಲೇ ಆನ್‌ಲೈನ್‌ನಲ್ಲಿ ಆರು ಕುರ್ತಾ ತರಿಸಿದೆ. ಎಲ್ಲದರ ಮೇಲೂ ‘ಪ್ಯೂರ್ ಕಾಟನ್’ ಅಂತ ಇದೆ. ಆದರೂ ಹಾಕಿಕೊಂಡರೆ ಒಲೆ ಮುಂದೆ ಕೂತ ಹಾಗಾಗುತ್ತದೆ. ಬಿಳಿ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಬಿಳಿ ಹಾಕಿದರೆ ಒಳಗಿನದೆಲ್ಲ ಕಾಣುತ್ತದೆ, ಸಂಜೆಯೊಳಗೆ ಧೂಳು ಮೆತ್ತಿರುತ್ತದೆ. ನಮ್ಮ ಮನೆಯವರು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅವರಿಗೆ ಮೂರು ದುಬಾರಿ ಲಿನನ್ ಶರ್ಟ್ ಕೊಡಿಸಿದೆ, ‘ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ’ ಅಂತಾರೆ. ಮೇ ತಿಂಗಳಲ್ಲಿ ತಂಗಿ ಮದುವೆ ಬೇರೆ, ರೇಷ್ಮೆ ಸೀರೆ ಉಡಲೇಬೇಕು. ಏನು ಮಾಡಲಿ? ಒಂದು ಕುರ್ತಾದ ಫೋಟೋ ಕಳಿಸಿದ್ದೇನೆ, ಒಳಗಿನದೂ ಹೊರಗಿನದೂ.

ಉತ್ತರ: ಒಳಗಿನ ಫೋಟೋನೂ ಕಳಿಸಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ. ಹೊರಗಿನ ಬಟ್ಟೆ ಕಾಟನ್ನೇ ಇರಬೇಕು, ನೂಲಿನ ಏರುಪೇರು ನೋಡಿದರೆ ಹಾಗನ್ನಿಸುತ್ತದೆ. ಆದರೆ ಕತ್ತಿನಿಂದ ಮೊಣಕಾಲಿನ ತನಕ ಒಳಗೆ ಹೊಳೆಯುವ ಇನ್ನೊಂದು ಬಟ್ಟೆ ಸೇರಿಸಿ ಹೊಲಿದಿದ್ದಾರಲ್ಲ, ಆ ಲೈನಿಂಗ್, ಅದು ಬಹುತೇಕ ಪಾಲಿಯೆಸ್ಟರ್. ನಿಮ್ಮ ಮೈಗೆ ತಾಗುವುದು ಅದೇ. ಕಾಟನ್ ಇರುವುದು ಅದರ ಮೇಲೆ, ನೋಡುವವರಿಗೆ. ಚೀಟಿಯಲ್ಲಿ ಬರೆದಿರುವುದು ಹೊರಬಟ್ಟೆಯ ಲೆಕ್ಕ. ಹಾಗಾಗಿ ಸುಳ್ಳು ಹೇಳಿದರು ಅನ್ನುವ ಹಾಗೂ ಇಲ್ಲ, ನಿಜ ಹೇಳಿದರು ಅನ್ನುವ ಹಾಗೂ ಇಲ್ಲ. ಸಿದ್ಧ ಉಡುಪಿನಲ್ಲಿ ಈ ತಾಪತ್ರಯ ಜಾಸ್ತಿ. ತೆಳು ಬಟ್ಟೆ ಹಾಕಿದರೆ ಪಾರದರ್ಶಕ ಆಗುತ್ತೆ, ಒಳಗೆ ಕಾಟನ್ ಲೈನಿಂಗ್ ಕೊಟ್ಟರೆ ಖರ್ಚು ಏರುತ್ತೆ, ಪಾಲಿಯೆಸ್ಟರ್ ಆದರೆ ಅಗ್ಗ, ಜಾರುತ್ತೆ, ಫೋಟೋದಲ್ಲಿ ಕುರ್ತಾ ನೀಟಾಗಿ ಬೀಳುತ್ತೆ.

ನಾನು ದಾವಣಗೆರೆಯವನು. ಅಪ್ಪ ಅಲ್ಲಿನ ಹತ್ತಿ ಗಿರಣಿಯಲ್ಲಿದ್ದರು. ನಾನು ಜವಳಿ ಓದಿ, ಬಟ್ಟೆ ಪರೀಕ್ಷೆ ಮಾಡುವ ಕೆಲಸದಲ್ಲೇ ಅರ್ಧ ಆಯಸ್ಸು ಕಳೆದೆ. ಬೇಸಿಗೆ ಬಂತೆಂದರೆ ನೆಂಟರು, ಗೆಳೆಯರು ಎಲ್ಲ ಕೇಳುವುದು ಒಂದೇ, ‘ಯಾವ ಬಟ್ಟೆ ತಂಪು?’ ಅಂತ. ನಾನು ತಿರುಗಿ ಕೇಳುವುದೂ ಒಂದೇ, ‘ಯಾವ ಊರಲ್ಲಿ?’

ಯಾಕೆ ಅಂದರೆ ಬಿಸಿಲು ಬೇರೆ, ಸೆಕೆ ಬೇರೆ. ನಮ್ಮ ಭಾಷೆಯಲ್ಲೇ ಇವೆರಡಕ್ಕೂ ಬೇರೆ ಬೇರೆ ಪದ ಇದೆ ನೋಡಿ. ಕಲಬುರಗಿಯವರು ಬಿಸಿಲು, ಝಳ ಅನ್ನುತ್ತಾರೆ. ಮಂಗಳೂರಿನವರು ‘ಎಂಥ ಸೆಕೆ ಮಾರಾಯ್ರೆ’ ಅನ್ನುತ್ತಾರೆ. ನಿಮ್ಮ ಕಲಬುರಗಿ ಮನೆಗೆ ಈಗಾಗಲೇ ಕೂಲರ್ ಬಂದಿರುತ್ತದೆ. ಬರದಿದ್ದರೆ ಏಪ್ರಿಲ್ ಎರಡನೇ ವಾರದೊಳಗೆ ತರುತ್ತೀರಿ. ನಿಮ್ಮ ಯಜಮಾನರ ಮನೆಯಲ್ಲಿ ಕೂಲರ್ ಇದೆಯಾ? ಇರಲಿಕ್ಕಿಲ್ಲ. ಕರಾವಳಿಯಲ್ಲಿ ಕೂಲರ್ ಇಟ್ಟರೆ ಕೋಣೆ ಇನ್ನಷ್ಟು ಜಿಗುಟಾಗುತ್ತದೆ, ಅಷ್ಟೇ. ಹುಲ್ಲಿನ ಪ್ಯಾಡ್‌ನಲ್ಲಿರುವ ನೀರು ಆವಿಯಾಗಿ ಹೋದರೆ ತಾನೇ ಗಾಳಿ ತಂಪಾಗುವುದು? ಹವೆಯಲ್ಲಿ ಮೊದಲೇ ತೇವ ತುಂಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು?

ನಿಮ್ಮ ಮೈಮೇಲಿನ ಬಟ್ಟೆಯೂ ಅದೇ ಪ್ಯಾಡ್. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಎಳೆದುಕೊಂಡು ಹೋಗುತ್ತದೆ. ಆರಬೇಕು, ಅದು ಮುಖ್ಯ. ಬೆನ್ನಿನ ಮೇಲೆ ಇಳಿದು ಸೊಂಟದ ಹತ್ತಿರ ಬಟ್ಟೆ ಒದ್ದೆ ಮಾಡಿದ ಬೆವರಿನಿಂದ ಹೆಚ್ಚು ಉಪಯೋಗ ಇಲ್ಲ. ಈಗ ಲೈನಿಂಗ್‌ಗೆ ಬನ್ನಿ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಹತ್ತಿ ಬಟ್ಟೆ ಸುಮಾರು 8 ಗ್ರಾಂ ತೇವ ಹೀರಿಕೊಂಡಿರುತ್ತದೆ, ಆದರೂ ಮುಟ್ಟಿದರೆ ಒಣಗಿರುವ ಹಾಗೇ ಇರುತ್ತದೆ. ಲಿನನ್ ಸುಮಾರು 12 ಗ್ರಾಂ, ರೇಯಾನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ, 0.4. ಅಂದರೆ ಬೆವರು ಹೊರಗಿನ ಕಾಟನ್‌ಗೆ ತಲುಪುವ ಮೊದಲೇ ಒಳಗಿನ ಪಾಲಿಯೆಸ್ಟರ್‌ಗೆ ಅಂಟಿಕೊಂಡು ನಿಲ್ಲುತ್ತದೆ. ಕೂಲರ್ ಪ್ಯಾಡ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಹೇಗೋ ಹಾಗೆ.

ಇನ್ನು ಕಲಬುರಗಿಯದೇ ಒಂದು ವಿಶೇಷ ಇದೆ, ಹಾಸನದಿಂದ ಬಂದವರಿಗೆ ಇದು ಹೊಳೆಯುವುದಿಲ್ಲ. ನಮ್ಮ ಚರ್ಮದ ಶಾಖ ಸುಮಾರು 35 ಡಿಗ್ರಿ. ಹಾಸನದಲ್ಲಿ ಎಷ್ಟೇ ಬೇಸಿಗೆ ಅಂದರೂ ಹವೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಗಾಳಿ ಬೀಸಿದರೆ ಹಾಯ್ ಅನ್ನಿಸುತ್ತೆ, ತೋಳಿಲ್ಲದ ಕುರ್ತಾ ಹಾಕಿದರೆ ಇನ್ನೂ ಹಾಯ್. ಕಲಬುರಗಿಯಲ್ಲಿ 42 ಡಿಗ್ರಿ ಇರುವಾಗ ಬೀಸುವ ಗಾಳಿ ಮೈಗಿಂತ ಬಿಸಿ. ಅದು ಬೆವರು ಆರಿಸುತ್ತೆ ನಿಜ, ಜೊತೆಗೆ ಬಿಸಿಯನ್ನೂ ತಂದು ಹಾಕುತ್ತೆ. ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಮಾಡುತ್ತಾರಲ್ಲ. ಸರಿ, ಆದರೆ ಸ್ಕೂಟರ್ ಹತ್ತಿ ಮನೆಗೆ ಹೊರಡುವುದು ಯಾವಾಗ? ಸರಿಯಾಗಿ ಕೆಂಡ ಸುರಿಯುವ ಹೊತ್ತಿಗೆ. ಆಗ ಬರಿ ತೋಳು ಬಿಟ್ಟುಕೊಂಡು ಹೋದರೆ ತಂಪಾಗುವುದಿಲ್ಲ, ಸುಡುತ್ತೆ. ಊರಿನ ಹೆಂಗಸರು ಹೇಗೆ ಓಡಾಡುತ್ತಾರೆ ಸ್ವಲ್ಪ ಗಮನಿಸಿ. ತಲೆ ತುಂಬ ಸೆರಗು, ಮೈತುಂಬ ಸೀರೆ. ಗಂಡಸರು ತಲೆಗೆ ರುಮಾಲು ಸುತ್ತಿ, ಉದ್ದ ತೋಳಿನ ಸಡಿಲ ಅಂಗಿ, ಧೋತರ. ಅದು ಬರೀ ಸಂಪ್ರದಾಯ ಅಂದುಕೊಳ್ಳಬೇಡಿ. ಬಟ್ಟೆಯನ್ನೇ ನೆರಳು ಮಾಡಿಕೊಂಡು ಓಡಾಡುವ ಉಪಾಯ ಅದು.

ಹಾಗಾಗಿ ನಿಮಗೆ ಬೇಕಾದದ್ದು ಮೈಮುಚ್ಚುವ, ಸಡಿಲವಾದ, ತೆಳು ಹತ್ತಿ. ಪೂರ್ತಿ ತೋಳು ಅಥವಾ ಮುಕ್ಕಾಲು ತೋಳು. ಮುಕ್ಕಾಲು ಆದರೆ ಸ್ಕೂಟರ್ ಮೇಲೆ ಮುಂಗೈಗೆ ಹತ್ತಿಯ ತೋಳುಚೀಲ ಹಾಕಿ. ಪಾಲಿಯೆಸ್ಟರ್‌ದು ಎಲ್ಲ ಕಡೆ ಸಿಗುತ್ತೆ, ಬೇಡ.

ಅಂಗಡಿಯಲ್ಲಿ ‘ಕಾಟನ್ ಕೊಡಿ’ ಅಂತ ಕೇಳಿದರೆ ಹತ್ತು ಥರ ಎಸೆಯುತ್ತಾರೆ. ಎಲ್ಲವೂ ಕಾಟನ್ನೇ, ಆದರೆ ಎಲ್ಲವೂ ಬೇಸಿಗೆಗಲ್ಲ. ನೋಡಬೇಕಾದ್ದು ಎರಡು: ನೂಲು ಎಷ್ಟು ಸಣ್ಣ, ನೇಯ್ಗೆ ಎಷ್ಟು ಬಿಡಿ. ನೂಲಿನ ಸಣ್ಣತನಕ್ಕೆ ಕೌಂಟ್ ಅನ್ನುತ್ತಾರೆ. 840 ಗಜ ಉದ್ದದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದು ಆ ನೂಲಿನ ಕೌಂಟ್. 80 ಕೌಂಟ್ ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ಹತ್ತಿಯಿಂದ 61 ಕಿಲೋಮೀಟರ್ ಉದ್ದದ ದಾರ. ಅಪ್ಪ ಇದನ್ನು ಲೆಕ್ಕ ಹಾಕಿ ತೋರಿಸಿದಾಗ ನಾನು ನಂಬಿರಲಿಲ್ಲ, ಕಾಗದ ಪೆನ್ನು ತಗೊಂಡು ನಾನೂ ಗುಣಿಸಿ ನೋಡಿದ್ದೆ. ಸಂಖ್ಯೆ ಜಾಸ್ತಿ ಆದಷ್ಟೂ ನೂಲು ಸಣ್ಣ. ಮಲ್ ಕಾಟನ್, ವಾಯಿಲ್ ಇವೆಲ್ಲ ಸಣ್ಣ ನೂಲಿನವು, ಒಂದು ಚದರ ಮೀಟರ್ ಬಟ್ಟೆ 60ರಿಂದ 80 ಗ್ರಾಂ ತೂಗುತ್ತದೆ. ಕ್ಯಾಂಬ್ರಿಕ್ ನೂರು ಗ್ರಾಂ ಆಸುಪಾಸು. ಪಾಪ್ಲಿನ್ ಇನ್ನೂ ಸ್ವಲ್ಪ ಭಾರ, ನೇಯ್ಗೆಯೂ ಒತ್ತು. ಜೀನ್ಸ್ ಬಟ್ಟೆಯೂ ಕಾಟನ್ನೇ ಅಲ್ವಾ, ಅದು 300 ಗ್ರಾಂ ದಾಟುತ್ತದೆ. ಈಗ ಆನ್‌ಲೈನ್‌ನಲ್ಲಿ ಕೆಲವರು ಈ ತೂಕವನ್ನು ಜಿಎಸ್‌ಎಂ ಅಂತ ಬರೆಯುತ್ತಾರೆ. ಬರೆದಿದ್ದರೆ 110ರ ಒಳಗೆ ಇರುವುದನ್ನು ತಗೊಳ್ಳಿ.

ಬರೆಯದೇ ಇದ್ದರೆ, ಅಂಗಡಿಯಲ್ಲಿ ಒಂದು ಪದರ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಅಂಗಡಿಯವರು ನಗುತ್ತಾರೆ, ನಗಲಿ. ಉಸಿರು ಸಲೀಸಾಗಿ ಆಚೆ ಬಂದು ಎದುರಿಗೆ ಹಿಡಿದ ಅಂಗೈಗೆ ತಾಗಿದರೆ ಒಳ್ಳೆಯ ಬೇಸಿಗೆ ಬಟ್ಟೆ. ಕೆನ್ನೆ ಉಬ್ಬಿಕೊಂಡರೆ ಬಿಟ್ಟುಬಿಡಿ. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ನೂಲಿನ ನಡುವೆ ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಾಣಬೇಕು.

ಹತ್ತಿಯೋ ಪಾಲಿಯೆಸ್ಟರೋ ಅನ್ನುವುದಕ್ಕೆ ಹಳೆಯ ಉಪಾಯ ಸುಡುವುದು. ಹೊಲಿಗೆ ಅಂಚಿನಿಂದ ಎರಡು ನೂಲು ಎಳೆಯಿರಿ, ಒಂದು ಹಾಸು, ಒಂದು ಹೊಕ್ಕು. ಎರಡನ್ನೂ ಬೇರೆ ಬೇರೆಯಾಗಿ ಸುಡಬೇಕು, ಇದನ್ನು ಜನ ಮರೆಯುತ್ತಾರೆ. ಹಾಸಿನಲ್ಲಿ ಪಾಲಿಯೆಸ್ಟರ್, ಹೊಕ್ಕಿನಲ್ಲಿ ಹತ್ತಿ ಹಾಕಿ ನೇಯ್ದ ಬಟ್ಟೆ ಬೇಕಾದಷ್ಟಿದೆ, ಒಂದನ್ನೇ ಸುಟ್ಟರೆ ಮೋಸ ಹೋಗುತ್ತೀರಿ. ಹತ್ತಿ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿಯುವುದು ಬೂದಿ, ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಕರಗಿ ಮುದುಡುತ್ತದೆ, ತುದಿಯಲ್ಲಿ ಗಟ್ಟಿ ಮಣಿ ಕೂತುಕೊಳ್ಳುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಕರಗುತ್ತಿರುವ ನೂಲನ್ನು ಮಾತ್ರ ಮುಟ್ಟಬೇಡಿ. ಮುಟ್ಟಿ ನನ್ನ ಹೆಬ್ಬೆರಳಿಗೆ ಆಗಿದ್ದ ಗುಳ್ಳೆ ವಾರಗಟ್ಟಲೆ ಕಾಡಿತ್ತು.

‘ಕಾಟನ್ ಫೀಲ್’, ‘ಸಾಫ್ಟ್ ಕಾಟನ್’, ‘ಕಾಟನ್ ಮಿಕ್ಸ್’ ಅನ್ನುವ ಹೆಸರುಗಳು ಕಂಡರೆ ಅನುಮಾನ ಇಟ್ಟುಕೊಳ್ಳಿ. ರೇಯಾನ್ ಬಗ್ಗೆ ಮಾತ್ರ ನನಗೆ ಅಷ್ಟು ಕೋಪ ಇಲ್ಲ. ಮರದ ತಿರುಳಿನಿಂದ ಮಾಡಿದ್ದು, ತೇವ ಚೆನ್ನಾಗಿ ಹೀರುತ್ತದೆ, ಮೆತ್ತಗಿರುತ್ತದೆ. ಆದರೆ ಒದ್ದೆಯಾದರೆ ಮೈಗೆ ಅಂಟುತ್ತದೆ, ಒದ್ದೆಯಲ್ಲಿ ಬಲವೂ ಕಡಿಮೆ, ಹಿಂಡಿ ಒಗೆದರೆ ಆಕಾರ ಕೆಡುತ್ತದೆ. ಕಚೇರಿಯೊಳಗೆ ಫ್ಯಾನ್ ಕೆಳಗೆ ಕೂರುವ ದಿನಕ್ಕೆ ನಡೆಯುತ್ತೆ. ಲೆಗಿನ್ಸ್‌ನ ವಿಚಾರ ಒಂದೇ ಮಾತು: ಏಪ್ರಿಲ್, ಮೇನಲ್ಲಿ ಬೇಡ. ಎಷ್ಟೇ ಹತ್ತಿ ಇರಲಿ, ಮೈಗೂ ಬಟ್ಟೆಗೂ ನಡುವೆ ಗಾಳಿ ಆಡಲು ಜಾಗವೇ ಇಲ್ಲದಿದ್ದರೆ ಹೀರಿದ ತೇವ ಹೋಗುವುದೆಲ್ಲಿಗೆ. ಹತ್ತಿಯ ಪಲಾಜೋ, ಇಲ್ಲ ಸಡಿಲ ಪ್ಯಾಂಟು ಹಾಕಿ.

ಈಗ ಬಣ್ಣ. ಬಿಳಿ ತಂಪು, ಕಪ್ಪು ಬಿಸಿ ಅನ್ನುವುದು ಶಾಲೆಯ ಪಾಠ, ಸುಳ್ಳಲ್ಲ. ಆದರೆ ಪಾಠ ಅಲ್ಲಿಗೇ ಮುಗಿಯುವುದಿಲ್ಲ. ಬಿಸಿಲಿನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕಣ್ಣಿಗೆ ಕಾಣದ ಅತಿಗೆಂಪು ಕಿರಣದ್ದು, ಬಟ್ಟೆಯ ಬಣ್ಣ ನೋಡಿ ಅದರ ಲೆಕ್ಕ ಗೊತ್ತಾಗುವುದಿಲ್ಲ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬಂದಿತ್ತು. ಮರುಭೂಮಿಯ ಬೆಡೂಯಿನ್ ಜನ ಅಷ್ಟು ಬಿಸಿಲಲ್ಲೂ ಕಪ್ಪು ನಿಲುವಂಗಿ ಹಾಕುತ್ತಾರಲ್ಲ, ಯಾಕೆ ಅಂತ. ಒಬ್ಬನನ್ನು ಮಟಮಟ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿ, ಕಪ್ಪು ನಿಲುವಂಗಿ, ಬಿಳಿ ನಿಲುವಂಗಿ, ಸೈನಿಕರ ಸಮವಸ್ತ್ರ, ಬರೀ ಚಡ್ಡಿ, ಹೀಗೆ ಒಂದೊಂದನ್ನೇ ಹಾಕಿಸಿ ಅಳೆದರು. ಕಪ್ಪು ಬಟ್ಟೆ ಬಿಳಿಗಿಂತ ಜಾಸ್ತಿ ಶಾಖ ಹೀರಿತು ನಿಜ. ಆದರೆ ಆ ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಯ ಜೊತೆ ಹೋಗಿಬಿಟ್ಟಿತ್ತು. ಒಳಗಿದ್ದವನಿಗೆ ಕಪ್ಪು ಬಿಳಿ ಎರಡೂ ಒಂದೇ. ಗುಟ್ಟು ಇದ್ದದ್ದು ಆ ನಿಲುವಂಗಿಯ ಸಡಿಲದಲ್ಲಿ.

ಅದಕ್ಕೇ ನಮ್ಮ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ದಾಳಿಂಬೆ ಕೆಂಪು, ನವಿಲು ಹಸಿರು ಅಂಥ ಗಾಢ ಬಣ್ಣದ ಹತ್ತಿ ಇಳಕಲ್ ಸೀರೆ ಉಟ್ಟು ದಿನವಿಡೀ ಬಿಸಿಲಲ್ಲಿ ಇರುತ್ತಿದ್ದದ್ದು ನನಗೆ ಈಗ ಆಶ್ಚರ್ಯ ಅನ್ನಿಸುವುದಿಲ್ಲ. ಒಡಲು ಹತ್ತಿ, ಸೆರಗು ಮಾತ್ರ ರೇಷ್ಮೆ, ಆ ಎರಡನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಉಟ್ಟ ಮೇಲೆ ಒಳಗೆ ಗಾಳಿ ಆಡುತ್ತದೆ, ಮಣ್ಣಿನ ಕಲೆ ಕಾಣುವುದಿಲ್ಲ. ಈಗ ಪೇಟೆಯಲ್ಲಿ ಇಳಕಲ್ ಅಂತ ಸಿಗುವುದರಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಒಡಲಿನದೇ ಜಾಸ್ತಿ. ಬೇಸಿಗೆಗೆ ಉಡುವುದಾದರೆ ‘ಹತ್ತಿ ಒಡಲಿನದು ತೋರಿಸಿ’ ಅಂತ ಕೇಳಿ ತಗೊಳ್ಳಿ.

ಹಾಗಂತ ನಾಳೆಯೇ ಕಪ್ಪು ಟೀ ಶರ್ಟ್ ಹಾಕಿಕೊಂಡು ಹೊರಡಬೇಡಿ. ಮೈಗಂಟಿದ ಬಟ್ಟೆಯಾದರೆ ಶಾಲೆಯ ಪಾಠವೇ ಸರಿ, ಕಪ್ಪು ಸುಡುತ್ತೆ. ನನ್ನ ಲೆಕ್ಕ ಇಷ್ಟೇ: ಭುಜ, ಬೆನ್ನು, ತಲೆ, ಈ ಮೂರು ಕಡೆ ಬಿಸಿಲು ನೇರ ಬೀಳುತ್ತೆ, ಬಟ್ಟೆಯೂ ಮೈಗೆ ತಾಗಿಯೇ ಇರುತ್ತೆ. ಅಲ್ಲಿ ತಿಳಿಬಣ್ಣ ಇರಲಿ. ಕೆಳಗಿನ ಪಲಾಜೋ ಗಾಢ ಬಣ್ಣದ್ದಾದರೂ ನಷ್ಟ ಇಲ್ಲ. ಧೂಳಿನ ತಲೆನೋವೂ ಕಮ್ಮಿ.

ಬಿಳಿಯ ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ತೆಳು ಬಿಳಿ ಬಟ್ಟೆ ಶಾಖವನ್ನು ತಡೆದರೂ ಚರ್ಮ ಸುಡುವ ನೇರಳಾತೀತ ಕಿರಣವನ್ನು ಸುಮಾರಾಗಿ ಒಳಗೆ ಬಿಡುತ್ತದೆ. ಸಾಮಾನ್ಯ ಬಿಳಿ ಕಾಟನ್ ಟೀ ಶರ್ಟ್‌ನಲ್ಲಿ ಐದರಿಂದ ಏಳರಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಅದಕ್ಕೆ ನಾನು ಹೇಳುವುದು ಕೋರಾ. ಅಂದರೆ ಬ್ಲೀಚ್ ಮಾಡದ, ಹತ್ತಿಯ ಸ್ವಂತ ಬಣ್ಣದ ಬಟ್ಟೆ. ಹತ್ತಿಯಲ್ಲಿ ಸಹಜವಾಗಿ ಇರುವ ಬಣ್ಣದ ಅಂಶವೇ ಆ ಕಿರಣವನ್ನು ಸ್ವಲ್ಪ ತಡೆಯುತ್ತದೆ, ಬ್ಲೀಚ್ ಮಾಡಿದರೆ ಅದು ಹೋಗಿಬಿಡುತ್ತದೆ. ಕೋರಾದಲ್ಲಿ ಒಳಗಿನದು ಬಿಳಿಯಷ್ಟು ಕಾಣುವುದಿಲ್ಲ, ಧೂಳೂ ಎದ್ದು ಕಾಣುವುದಿಲ್ಲ. ನಿಮ್ಮ ಊರಿನ ಧೂಳು ಹೆಚ್ಚುಕಡಿಮೆ ಶಹಾಬಾದ್ ಕಲ್ಲಿನ ಬಣ್ಣದ್ದೇ. ಅದಕ್ಕೆ ಗಂಧದ ಬಣ್ಣ, ಬದಾಮಿ, ಪಿಸ್ತಾ, ತಿಳಿ ಬೂದು, ಇವೆಲ್ಲ ಚೆನ್ನಾಗಿ ಹೊಂದಿಕೊಳ್ಳುತ್ತವೆ. ರಾಜಸ್ಥಾನದ ಸಾಂಗಾನೇರ್ ಅಚ್ಚಿನ ಸಣ್ಣ ಹೂವಿನ ಬಟ್ಟೆ ಸಿಕ್ಕರೆ ತಗೊಳ್ಳಿ. ನೆಲ ತಿಳಿಬಣ್ಣ, ಮೇಲೆ ಹೂವಿನ ಗಲಾಟೆ, ಬೆವರಿನ ಕಲೆಯೂ ಕಾಣಲ್ಲ. ಬೆವರು ಅತಿ ಕೆಟ್ಟದಾಗಿ ಕಾಣುವುದು ನಡುವಿನ ಬೂದು ಬಣ್ಣದ ಸಾದಾ ಬಟ್ಟೆಯಲ್ಲಿ ಮತ್ತು ಆಕಾಶನೀಲಿ ಶರ್ಟಿನಲ್ಲಿ. ಕಂಕುಳ ಕೆಳಗೆ ನಕ್ಷೆ ಬರೆದ ಹಾಗೆ ಇರುತ್ತೆ.

ಬಿಳಿಯೇ ಹಾಕಬೇಕು ಅನ್ನಿಸಿದರೆ ಒಳಗೆ ಬಿಳಿ ಹಾಕಬೇಡಿ, ಅದೇ ಎದ್ದು ಕಾಣುವುದು. ಮೈಬಣ್ಣಕ್ಕೆ ಹತ್ತಿರದ ಬಣ್ಣದ ಒಳಉಡುಪು ಹಾಕಿ, ಮೇಲೆ ಮಲ್ ಬಟ್ಟೆಯ ಸಡಿಲ ಶಮೀಜು. ಲೈನಿಂಗ್‌ಗೂ ಶಮೀಜಿಗೂ ಏನು ವ್ಯತ್ಯಾಸ ಅಂತೀರಾ? ಶಮೀಜು ಹತ್ತಿ, ಬಿಡಿಯಾಗಿರುತ್ತದೆ, ದಿನಾ ಒಗೆಯಬಹುದು.

ಇನ್ನು ಮಂಗಳೂರು. ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಖಾದಿ ತಂಪು ಅಂತ ಕೇಳಿ ಬೆಳೆದವನು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳೆಯನ ಮದುವೆಗೆ ಅಂತ ಮೇ ತಿಂಗಳಲ್ಲಿ ಮಂಗಳೂರಿಗೆ ಹೋದೆ, ದಪ್ಪ ನೂಲಿನ ಖಾದಿ ಜುಬ್ಬ ಹಾಕಿಕೊಂಡು. ದಾವಣಗೆರೆಯಲ್ಲಿ ಅದು ನಿಜವಾಗಿಯೂ ತಂಪಾಗಿತ್ತು. ಅಲ್ಲಿ ಧಾರೆ ಮುಗಿಯುವ ಹೊತ್ತಿಗೆ ಜುಬ್ಬ ನೆಲ ಒರೆಸುವ ಬಟ್ಟೆ ಆಗಿತ್ತು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತೆಳು ಪಂಚೆ, ಹೆಗಲ ಮೇಲೊಂದು ಬೈರಾಸು ಅನ್ನುವ ಟವೆಲ್ಲು, ಮೇಲೆ ಏನೂ ಇಲ್ಲ, ಆರಾಮಾಗಿ ಪಾಯಸ ಸುರಿಯುತ್ತಿದ್ದರು. ನನ್ನ ಕಡೆ ನೋಡಿ ‘ಘಟ್ಟದ ಮೇಲಿನವರಾ?’ ಅಂತ ಕೇಳಿದರು. ಬಟ್ಟೆ ನೋಡಿಯೇ ಊರು ಹೇಳಿದ್ದರು.

ದಪ್ಪ ಹತ್ತಿ ಬೆವರು ಹೀರುತ್ತೆ, ಬಿಟ್ಟುಕೊಡುವುದಿಲ್ಲ. ಒಣ ಹವೆಯಲ್ಲಿ ಇದು ಗುಣ, ತೇವದ ಹವೆಯಲ್ಲಿ ದೋಷ. ಕಲಬುರಗಿಯಲ್ಲಿ ಬಟ್ಟೆ ನೆರಳಿನ ಕೆಲಸ ಮಾಡಿದರೆ ಕರಾವಳಿಯಲ್ಲಿ ಕಿಟಕಿಯ ಕೆಲಸ ಮಾಡಬೇಕು. ಅಲ್ಲಿ ಹವೆ 34, 35 ಡಿಗ್ರಿ, ಮೈಗಿಂತ ಬಿಸಿ ಏನಲ್ಲ. ಗಾಳಿ ಮೈಗೆ ತಾಗಿದಷ್ಟೂ ಲಾಭ. ಬಟ್ಟೆ ಎಷ್ಟು ಕಡಿಮೆ, ಎಷ್ಟು ತೆಳು, ಎಷ್ಟು ಬೇಗ ಒಣಗುತ್ತೆ ಅನ್ನುವುದೇ ಪ್ರಶ್ನೆ. ಅರ್ಧ ತೋಳು, ಬಿಡಿ ನೇಯ್ಗೆ. ಉಡುಪಿ ಸೀರೆ ಮುಟ್ಟಿ ನೋಡಿದ್ದೀರಾ? ಸಣ್ಣ ನೂಲು, ತಿಳಿಬಣ್ಣ, ಹಗುರ. 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಈಗಲೂ ನೇಯುತ್ತಾರೆ. ಮುಂದಿನ ಸಲ ಮಂಗಳೂರಿಗೆ ಹೋದಾಗ ಒಂದು ತಗೊಳ್ಳಿ, ಸೆಕೆಗೆ ಏನು ಬೇಕು ಅನ್ನುವುದು ಕೈಗೇ ಗೊತ್ತಾಗುತ್ತೆ.

ಯಜಮಾನರ ಲಿನನ್ ವಿಷಯ. ಲಿನನ್ ಒಳ್ಳೆಯದೇ. ಬೇಗ ಹೀರುತ್ತೆ, ಹತ್ತಿಗಿಂತ ಬೇಗ ಒಣಗುತ್ತೆ, ಸ್ವಲ್ಪ ಬಿರುಸಾಗಿರುವುದರಿಂದ ಮೈಗೆ ಅಂಟದೆ ನಿಲ್ಲುತ್ತೆ. ಅದು ಬರುವುದು ಅಗಸೆ ಗಿಡದ ಕಾಂಡದ ನಾರಿನಿಂದ. ನೀವು ಈಗ ಜೋಳದ ರೊಟ್ಟಿ ಜೊತೆ ಅಗಸಿ ಹಿಂಡಿ ತಿನ್ನಲು ಕಲಿತಿರಬೇಕಲ್ಲ, ಅದೇ ಅಗಸೆ. ನಮ್ಮಲ್ಲಿ ಬೀಜಕ್ಕೆ ಬೆಳೆಯುತ್ತೇವೆ, ನಾರಿಗೆ ಬೇಕಾದ ಉದ್ದ ತಳಿಯನ್ನು ಫ್ರಾನ್ಸ್, ಬೆಲ್ಜಿಯಂ ಕಡೆ ಬೆಳೆಯುತ್ತಾರೆ. ಅದಕ್ಕೇ ಆ ಬೆಲೆ. ಹಾಗಾದರೆ ಅವರಿಗೆ ವ್ಯತ್ಯಾಸ ಯಾಕೆ ಗೊತ್ತಾಗಲಿಲ್ಲ? ಮೂರು ಅನುಮಾನ ಇದೆ ನನಗೆ. ಒಂದು, ಅದು ಲಿನನ್ನೇ ಅಲ್ಲ, ‘ಲಿನನ್ ಲುಕ್’ ಬಟ್ಟೆ. ನೂಲು ಸುಟ್ಟು ನೋಡಿ, ಕರಗಿದರೆ ಪಾಲಿಯೆಸ್ಟರ್. ಎರಡು, ದಪ್ಪ ಲಿನನ್. ಅದರ ನೂಲನ್ನು ಲೀ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ, 25 ಲೀ ದಪ್ಪ, 60 ಲೀ ತೆಳು. ಮಂಗಳೂರಿಗೆ 60 ಬೇಕು. ಮೂರನೆಯದು, ಇದೇ ನಿಜ ಇರಬೇಕು ಅಂತ ನನ್ನ ಪಂದ್ಯ: ಸ್ಲಿಮ್ ಫಿಟ್ ಶರ್ಟು, ಒಳಗೆ ಬನಿಯನ್ನು, ಪ್ಯಾಂಟಿನೊಳಗೆ ಇನ್ ಮಾಡಿ ಬೆಲ್ಟು. ಗಾಳಿ ಒಳಗೆ ಬರಲು ದಾರಿಯೇ ಇಲ್ಲದ ಮೇಲೆ ಲಿನನ್ ಆದರೇನು ಗೋಣಿಚೀಲ ಆದರೇನು. ಒಂದು ಸೈಜ್ ದೊಡ್ಡದು ತಗೊಂಡು, ಬನಿಯನ್ ಬಿಟ್ಟು, ಹೊರಗೆ ಇಳಿಬಿಟ್ಟು ಒಂದು ದಿನ ಹಾಕಿ ನೋಡಲಿ. ಬನಿಯನ್ ಇಲ್ಲದೆ ಆಗಲ್ಲ ಅಂದರೆ ತೋಳಿಲ್ಲದ ತೆಳು ಹತ್ತಿಯದು. ದುಡ್ಡು ಉಳಿಸಬೇಕು ಅಂದರೆ ಒಂದು ಮೀಟರ್ ಒಳ್ಳೆ ಲಿನನ್ ದುಡ್ಡಿಗೆ ಮೂರು ಮೀಟರ್ ತೆಳು ಹತ್ತಿ ಬರುತ್ತೆ, ಅದನ್ನೇ ಸಡಿಲವಾಗಿ ಹೊಲಿಸಿ. ಶೀರ್‌ಸಕ್ಕರ್ ಅಂತ ಸುಕ್ಕುಸುಕ್ಕಾದ ಹತ್ತಿ ಬಟ್ಟೆ ಬರುತ್ತೆ, ಅದೂ ಆಗಬಹುದು. ಹೆಸರು ಪರ್ಷಿಯನ್ ಭಾಷೆಯ ‘ಹಾಲು ಸಕ್ಕರೆ’ಯಿಂದ ಬಂದದ್ದು, ನುಣುಪು ಪಟ್ಟೆ ಹಾಲು, ಸುಕ್ಕು ಪಟ್ಟೆ ಸಕ್ಕರೆ. ಆ ಸುಕ್ಕೇ ಬಟ್ಟೆಯನ್ನು ಚರ್ಮದಿಂದ ದೂರ ಇಡುತ್ತೆ, ಇಸ್ತ್ರಿಯೂ ಬೇಕಿಲ್ಲ.

ಸಂಜೆ ವಾಕಿಂಗ್, ಶಟಲ್ ಅಂತ ಹೋಗುವುದಾದರೆ ಆಟದ ಪಾಲಿಯೆಸ್ಟರ್ ಟೀ ಶರ್ಟ್ ಪರವಾಗಿಲ್ಲ, ಬೆವರನ್ನು ಹರಡಿ ಬೇಗ ಒಣಗಿಸುವ ಹಾಗೆ ನೇಯ್ದಿರುತ್ತಾರೆ. ಆದರೆ ಮೈಯ ಜಿಡ್ಡು ಅದಕ್ಕೆ ಅಂಟಿ ವಾಸನೆ ಹಿಡಿಯುತ್ತೆ. ಬಂದ ತಕ್ಷಣ ಒಗೆಯಬೇಕು.

ಗಂಜಿ ಹಾಕುವುದರ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಕಲಬುರಗಿಯಲ್ಲಿ ತೆಳು ಗಂಜಿ ಹಾಕಿದ ಹತ್ತಿ ಸೀರೆ, ಕುರ್ತಾ ಮೈಯಿಂದ ಸ್ವಲ್ಪ ದೂರ ನಿಲ್ಲುತ್ತೆ, ಹಿತ. ದಪ್ಪ ಗಂಜಿ ನೇಯ್ಗೆಯ ಸಂದನ್ನೇ ಮುಚ್ಚುತ್ತೆ, ಬೇಡ. ಮಂಗಳೂರಿನಲ್ಲಿ ತೆಳುವೂ ಬೇಡ, ಮಧ್ಯಾಹ್ನದೊಳಗೆ ಜಿಗುಟಾಗುತ್ತೆ, ಮಳೆಗಾಲಕ್ಕೆ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತೆ. ಒಗೆದ ಮೇಲೆ ಘಮಘಮ ಅನ್ನಲು, ಮೆತ್ತಗಾಗಲು ಹಾಕುತ್ತಾರಲ್ಲ ಆ ದ್ರವ, ಬೇಸಿಗೆಯಲ್ಲಿ ಬಿಟ್ಟುಬಿಡಿ. ಅದು ನೂಲಿನ ಮೇಲೆ ಪದರ ಕಟ್ಟಿ ನೀರು ಹೀರುವುದನ್ನು ಕಡಿಮೆ ಮಾಡುತ್ತದೆ.

ಮದುವೆ. ತಂಗಿ ಮದುವೆ ಅಂದಮೇಲೆ ಮುಹೂರ್ತಕ್ಕೆ ಜರಿ ಸೀರೆ ಉಡದೆ ಇರಕ್ಕಾಗಲ್ಲ, ಉಡಿ. ಆದರೆ ದಿನಪೂರ್ತಿ ಬೇಡ. ಧಾರೆ ಮುಗಿದ ಮೇಲೆ ಬದಲಾಯಿಸಲು ಮೈಸೂರು ಕ್ರೇಪ್ ರೇಷ್ಮೆ ಇಟ್ಟುಕೊಳ್ಳಿ, ಹಗುರ, ಚಿಕ್ಕ ಜರಿ ಅಂಚಿನದು. ರೇಷ್ಮೆ ಸುಮ್ನೆ ಬಿಸಿ ಅಲ್ಲ. ಅದೂ ಹತ್ತಿಗಿಂತ ಜಾಸ್ತಿಯೇ ತೇವ ಹೀರುತ್ತದೆ. ಸೆಕೆ ಆಗುವುದು ಒತ್ತು ನೇಯ್ಗೆಯಿಂದ, ಜರಿಯಿಂದ, ಅದಕ್ಕಿಂತ ಹೆಚ್ಚಾಗಿ ಒಳಗಿನ ಸ್ಯಾಟಿನ್ ಲಂಗದಿಂದ. ಲಂಗ ಹತ್ತಿಯದ್ದೇ ಇರಲಿ. ರವಿಕೆಗೆ ಹತ್ತಿ ಲೈನಿಂಗ್ ಹಾಕಿಸಿ, ದರ್ಜಿಯವರಿಗೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಗುಳೇದಗುಡ್ಡ ಖಣದ ರವಿಕೆ ಆಸೆ ಇದ್ದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಹೊಸ ಬಟ್ಟೆ ತಗೊಂಡು ಹೊಲಿಸುವುದಾದರೆ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ, ಹತ್ತಿ ಕುಗ್ಗುತ್ತೆ. ಎರಡೂವರೆ ಮೀಟರ್ ಸಾಕು ಅಂದರೆ ಇಪ್ಪತ್ತು ಸೆಂಟಿಮೀಟರ್ ಜಾಸ್ತಿ ತಗೊಳ್ಳಿ. ಕಂಕುಳ ಹತ್ತಿರ ಒಂದು ಇಂಚು ಸಡಿಲ ಬಿಡಿಸಿ, ಪಕ್ಕದ ಸೀಳು ಸೊಂಟದಿಂದ ಸ್ವಲ್ಪ ಕೆಳಗೇ ಶುರುವಾಗಲಿ. ಮೈಗೂ ಬಟ್ಟೆಗೂ ನಡುವಿನ ಗಾಳಿ ನಡೆದಾಗಲೆಲ್ಲ ಹೊರಗೆ ಹೋಗಿ ಹೊಸದು ಬರುವುದು ಆ ಜಾಗಗಳಿಂದಲೇ.

ಆ ಆರು ಕುರ್ತಾ ಎಸೆಯಬೇಡಿ. ಅವುಗಳ ಲೈನಿಂಗ್ ಬಿಚ್ಚಿಸಿ. ಕತ್ತಿನ ಪಟ್ಟಿ ಮತ್ತು ಕಂಕುಳ ಹೊಲಿಗೆಯಲ್ಲಿ ಸೇರಿಸಿರುತ್ತಾರೆ, ನಿಮ್ಮ ಬೀದಿಯ ದರ್ಜಿಗೆ ಅರ್ಧ ಗಂಟೆ ಕೆಲಸ. ಪೂರ್ತಿ ಬಿಚ್ಚಲು ಬರದಿದ್ದರೆ ಎದೆಯಿಂದ ಕೆಳಗೆ ಕತ್ತರಿಸಿದರೂ ಸಾಕು, ಬೆನ್ನಿಗೆ ಮಾತ್ರ ಉಳಿಸಬೇಡಿ. ಮೊದಲು ಒಂದನ್ನು ಮಾಡಿಸಿ, ಕಚೇರಿ ಬಿಡುವ ಹೊತ್ತಿಗೆ ಹಾಕಿಕೊಂಡು ಹೋಗಿ ನೋಡಿ, ಆಮೇಲೆ ಉಳಿದ ಐದು. ಬಿಚ್ಚಿದ ಜಾಗದಲ್ಲಿ ಸೂಜಿ ತೂತಿನ ಸಾಲು ಕಾಣಿಸುತ್ತದೆ, ಎರಡು ಸಲ ಒಗೆದರೆ ಕೂಡಿಕೊಳ್ಳುತ್ತದೆ.